ಹುಡುಕಿದರೂ ಸಿಗದ ರಾಜ್‌ಕುಮಾರ್

ಊರು ಬಿಟ್ಟು ದೂರ ಇರುವ ನಮಗೆ ಕನ್ನಡದ ಗ್ರಂಥಾಲಯ ಪಕ್ಕದ ಬೀದಿಯಲ್ಲಿ ಇರುವುದಿಲ್ಲ. ಮಗು ಶಾಲೆಯಿಂದ ಬಂದು ‘ಕುವೆಂಪು ಅಂದ್ರೆ ಯಾರಮ್ಮಾ?’ ಅಂತ ಕೇಳಿದರೆ ನಾವು ತೆರೆಯುವುದು ವಿಕಿಪೀಡಿಯವನ್ನು. ಅಲ್ಲಿ ಲೇಖನ ಇದ್ದೂ ಹುಡುಕಿದಾಗ ಸಿಗದಿದ್ದರೆ? ಇಲ್ಲ ಎಂದೇ ಲೆಕ್ಕ. ಯಾರೋ ರಾತ್ರಿ ಕೂತು ಬರೆದದ್ದೂ ವ್ಯರ್ಥ, ಮಗುವಿನ ಪ್ರಶ್ನೆಯೂ ಅಲ್ಲಿಗೇ ನಿಂತಿತು. ಈ ಸಿಗುವ, ಸಿಗದ ಆಟಕ್ಕೆ ಒಂದು ಇತಿಹಾಸವೇ ಇದೆ.

1995ರ ಮಾರ್ಚ್ 25ರಂದು ಅಮೆರಿಕದ ಪ್ರೋಗ್ರಾಮರ್ ವಾರ್ಡ್ ಕನಿಂಗ್‌ಹ್ಯಾಮ್ ಮೊದಲ ವಿಕಿಯನ್ನು ಜನರ ಮುಂದಿಟ್ಟರು. ಹೆಸರು ಬಂದದ್ದು ಹೊನೊಲುಲು ವಿಮಾನ ನಿಲ್ದಾಣದ ‘ವಿಕಿ ವಿಕಿ’ ಬಸ್ಸಿನಿಂದ. ಹವಾಯಿ ಭಾಷೆಯಲ್ಲಿ ವಿಕಿ ಎಂದರೆ ಬೇಗ. (ನಮ್ಮ ಮುಂಬಯಿಯ ಬಸ್ಸುಗಳಿಗೆ ಸಂಜೆ ಆರು ಗಂಟೆಗೆ ಆ ಹೆಸರಿಡುವ ಧೈರ್ಯ ಯಾರಿಗಿದೆ ಹೇಳಿ!) ಅವರ ವಿಕಿಯಲ್ಲಿ ಎರಡು ಇಂಗ್ಲಿಷ್ ಪದಗಳನ್ನು ದೊಡ್ಡಕ್ಷರದಿಂದ ಆರಂಭಿಸಿ ಅಂಟಿಸಿ ಬರೆದರೆ ಸಾಕು, ಅದೇ ಕೊಂಡಿ. ಕನ್ನಡದಲ್ಲಿ ದೊಡ್ಡಕ್ಷರ, ಚಿಕ್ಕಕ್ಷರ ಎಲ್ಲಿಂದ ಬರಬೇಕು? 2001ರ ಜನವರಿಯಲ್ಲಿ ವಿಕಿಪೀಡಿಯ ಹುಟ್ಟಿದಾಗಲೂ ಇದೇ ಪದ್ಧತಿ ಇತ್ತು. ಆ ವರ್ಷವೇ ಜೋಡಿ ಚೌಕ ಆವರಣದ ಕೊಂಡಿ ಬಂತು. ಹಾಗಾಗಿ 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯಕ್ಕೆ ಆ ತೊಡಕು ಇರಲಿಲ್ಲ.

ಹುಡುಕಾಟದ ಕಥೆ ಬೇರೆ. ವಿಕಿಯ ಹಿಂದಿದ್ದ ಮೈಎಸ್‌ಕ್ಯೂಎಲ್ ಎಂಬ ದತ್ತಾಂಶ ವ್ಯವಸ್ಥೆ ರೋಮನ್ ಲಿಪಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಬೆಳೆದದ್ದು. ನಾಲ್ಕಕ್ಷರಕ್ಕಿಂತ ಚಿಕ್ಕ ಪದವನ್ನು ಅದು ತಾನಾಗಿ ಪಟ್ಟಿಗೇ ಸೇರಿಸುತ್ತಿರಲಿಲ್ಲ. ನಮ್ಮಂಥ ಲಿಪಿಗಳಿಗಾಗಿ ವಿಕಿಯ ಪ್ರೋಗ್ರಾಮರುಗಳು ಒಂದು ಉಪಾಯ ಮಾಡಿದರು: ಪದವನ್ನು ರೋಮನ್ ಅಕ್ಷರ ಮತ್ತು ಅಂಕಿಗಳ ಸಂಕೇತವಾಗಿ ಬದಲಿಸಿ ಒಳಗೆ ಇಟ್ಟುಕೊಳ್ಳುವುದು. ವೇಷ ಹಾಕಿಸಿ ಒಳಗೆ ಬಿಟ್ಟ ಹಾಗೆ! ಚಂದದ ಪರಿಹಾರವಲ್ಲ, ಆದರೆ ಕೆಲಸ ನಡೆಯಿತು. 2014ರಲ್ಲಿ ಸಿರಸ್‌ಸರ್ಚ್ ಎಂಬ ಹೊಸ ಪ್ಲಗಿನ್ ವಿಕಿಪೀಡಿಯಗಳ ಹುಡುಕಾಟವನ್ನು ವಹಿಸಿಕೊಂಡಿತು.

ನನಗೆ ತುಂಬಾ ಕುತೂಹಲ ಹುಟ್ಟಿಸಿದ್ದು ಕಣ್ಣಿಗೆ ಕಾಣದ ಒಂದು ಅಕ್ಷರ. ‘ರಾಜ್‌ಕುಮಾರ್’ ಎಂದು ಬರೆಯುವಾಗ ‘ಜ್’ ಆದಮೇಲೆ ಕಂಪ್ಯೂಟರಿನೊಳಗೆ ಇನ್ನೊಂದು ಸಂಕೇತ ಕೂತಿರುತ್ತದೆ. ಮುಂದಿನ ‘ಕ’ ಒತ್ತಾಗಿ ಕೆಳಗಿಳಿಯದಂತೆ ತಡೆಯುವುದೇ ಅದರ ಕೆಲಸ. ಅದನ್ನು ಬಿಟ್ಟರೆ ಮೂಡುವುದು ‘ರಾಜ್ಕುಮಾರ್’. ನಮ್ಮ ಕಿವಿಗೆ ಎರಡೂ ಒಂದೇ, ಯಂತ್ರಕ್ಕೆ ಇಬ್ಬರು ಬೇರೆ ಬೇರೆ ಮನುಷ್ಯರು. ಲೇಖನದಲ್ಲಿ ಆ ಸಂಕೇತ ಇದ್ದು ನಿಮ್ಮ ಹುಡುಕಾಟದಲ್ಲಿ ಇಲ್ಲದಿದ್ದರೆ, ಅಣ್ಣಾವ್ರೇ ಇಲ್ಲ ಎನ್ನುವ ಉತ್ತರ ಬರಬಹುದು! ಪಟ್ಟಿ ಮಾಡುವಾಗಲೂ ಹುಡುಕುವಾಗಲೂ ಆ ಸಂಕೇತವನ್ನು ತೆಗೆದು ಹೋಲಿಸಿದರೆ ಸಮಸ್ಯೆ ಮುಗಿಯಿತು. ಕೆಲವೇ ಸಾಲುಗಳ ತಿದ್ದುಪಡಿ. ಆದರೆ ಅದು ಬೇಕು ಎಂದು ಹೇಳಲು ಕನ್ನಡ ಓದಬಲ್ಲವರೇ ಬೇಕಲ್ಲ?

ಚಿಹ್ನೆಗಳದ್ದೂ ಇಂಥದೇ ರಗಳೆ. ಪದದ ಹಿಂದೆಯೇ ಅಡ್ಡಗೆರೆ ಅಂಟಿಸಿದರೆ ‘ಇದು ಬೇಡ’ ಎಂದು ಹುಡುಕಾಟ ಅರ್ಥಮಾಡಿಕೊಳ್ಳುತ್ತದೆ. ‘ಹುಬ್ಬಳ್ಳಿ’ ಬರೆದು, ಜಾಗ ಬಿಟ್ಟು, ಅಡ್ಡಗೆರೆಗೆ ತಾಗಿಸಿ ‘ಧಾರವಾಡ’ ಎಂದಿರೋ, ಧಾರವಾಡದ ಹೆಸರಿರುವ ಪುಟಗಳೆಲ್ಲ ಹೊರಗೆ. ಅವಳಿ ನಗರದವರು ಜಗಳಕ್ಕೆ ಬಂದಾರು!

ಇನ್ನು ಶಾರ್ಟ್‌ಕಟ್ ಕೀಲಿ. ವಿಕಿಯಲ್ಲಿ ಹುಡುಕುವ ಪೆಟ್ಟಿಗೆಗೆ ನೇರ ಹೋಗಲು ‘ಎಫ್’ ಅಕ್ಷರವನ್ನು ಗೊತ್ತುಮಾಡಿದ್ದರು, ಜೊತೆಗೆ ಆಲ್ಟ್ ಒತ್ತಬೇಕು. ಆದರೆ ವಿಂಡೋಸ್‌ನಲ್ಲಿ ಬ್ರೌಸರಿನ ‘ಫೈಲ್’ ಪಟ್ಟಿ ತೆರೆಯುವುದೂ ಅದೇ ಜೋಡಿಯಿಂದ. ಒಂದೇ ಕೀಲಿಗೆ ಇಬ್ಬರು ಒಡೆಯರು. 2006ರಲ್ಲಿ ಫೈರ್‌ಫಾಕ್ಸ್ 2 ಬಂದಾಗ ಪುಟಗಳ ಕೀಲಿಗಳಿಗೆ ಆಲ್ಟ್ ಜೊತೆ ಶಿಫ್ಟ್ ಕೂಡ ಸೇರಿತು. ಜಗಳ ಹರಿಯಿತು. ಮೌಸ್ ಹಿಡಿಯಲಾಗದವರಿಗೆ, ಕಣ್ಣು ಕಾಣದೆ ಕೀಲಿಮಣೆಯನ್ನೇ ನಂಬಿದವರಿಗೆ ಇದು ಸಣ್ಣ ಮಾತಲ್ಲ.

ಅಂದ ಹಾಗೆ, ಕೆ.ಪಿ. ರಾವ್ ಅವರ ಕೀಲಿಮಣೆಯಲ್ಲಿ ಕನ್ನಡ ಬೆರಳಚ್ಚಿಸುವವರಿಗೆ ಒತ್ತಕ್ಷರ ಕೂಡಿಸುವ ಕೀಲಿಯೂ ಇದೇ ‘ಎಫ್’.