ಜಾಹೀರಾತು ಮನಶ್ಶಾಸ್ತ್ರ: ಚಳ್ಳಕೆರೆ–ಮೊಳಕಾಲ್ಮೂರು ಸೀಮೆಯ ನಿದರ್ಶನಗಳೊಡನೆ ಅದರ ಚರಿತ್ರೆ

ಕೊಳ್ಳುವವನ ಮನಸ್ಸಿನಲ್ಲಿ ಬಯಕೆ, ಭಯ, ಅಭಿಮಾನ, ಅನುಕರಣೆ ಮೊದಲಾದ ಭಾವಗಳು ಹೇಗೆ ಉದಿಸಿ ಹೇಗೆ ನಿರ್ಣಯವಾಗಿ ಪರಿಣಮಿಸುತ್ತವೆಂಬುದನ್ನು ಅರಿತು, ಆ ಅರಿವನ್ನು ಸರಕುಗಳ ಮಾರಾಟಕ್ಕೆ ವಿನಿಯೋಗಿಸುವ ವಿದ್ಯೆಗೆ ಜಾಹೀರಾತು ಮನಶ್ಶಾಸ್ತ್ರವೆಂದು ಹೆಸರು. ಹತ್ತೊಂಬತ್ತನೆಯ ಶತಮಾನದ ಅಂತ್ಯದಲ್ಲಿ ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಅದು ಶಾಸ್ತ್ರದ ರೂಪವನ್ನು ತಾಳಿತಾದರೂ, ಅದರ ಪರಿಣಾಮವನ್ನು ಅಳೆಯಬೇಕಾದ ಸ್ಥಳ ಪ್ರಯೋಗಶಾಲೆಯಲ್ಲ, ಪೇಟೆ; ಆದುದರಿಂದ ಈ ಲೇಖನದಲ್ಲಿ ಚಿತ್ರದುರ್ಗ ಜಿಲ್ಲೆಯ ಎರಡು ನೆರೆಯ ತಾಲ್ಲೂಕುಗಳನ್ನು, ಎಂದರೆ ಶೇಂಗಾ ಎಣ್ಣೆಗೆ ಹೆಸರಾದ ಚಳ್ಳಕೆರೆಯನ್ನೂ ರೇಷ್ಮೆ ಸೀರೆಗೆ ಹೆಸರಾದ ಮೊಳಕಾಲ್ಮೂರನ್ನೂ, ನಿದರ್ಶನವಾಗಿ ಇರಿಸಿಕೊಳ್ಳಲಾಗಿದೆ. ಈ ಎರಡು ಸರಕುಗಳೂ ತಮ್ಮ ಗುಣದಿಂದ ಪ್ರಸಿದ್ಧವಾದುವು. ಎರಡಕ್ಕೂ ಮಾತಿನ ಬಲವಿರಲಿಲ್ಲ. ಆ ಬಲವಿದ್ದ ಇತರರು ಒಂದರ ಮೇಲಿದ್ದ ನಂಬಿಕೆಯನ್ನು ಸಡಿಲಿಸಿದರು, ಇನ್ನೊಂದರ ಹೆಸರನ್ನು ಎರವಲು ಪಡೆದರು.

ಜನಸಮೂಹದ ಮನಸ್ಸನ್ನು ಬರೆಹದಿಂದ ಒಲಿಸಿಕೊಳ್ಳುವ ಯತ್ನಕ್ಕೆ ಕರ್ನಾಟಕದಲ್ಲಿ ದೊರೆಯುವ ಅತಿ ಪ್ರಾಚೀನ ಸಾಕ್ಷ್ಯಗಳಲ್ಲಿ ಕೆಲವು ಮೊಳಕಾಲ್ಮೂರು ತಾಲ್ಲೂಕಿನಲ್ಲಿಯೇ ಇವೆ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳ ಬಂಡೆಗಳ ಮೇಲೆ ಕ್ರಿ.ಪೂ. ಮೂರನೆಯ ಶತಮಾನದಲ್ಲಿ ಕೊರೆಯಿಸಲ್ಪಟ್ಟು, 1892ರಲ್ಲಿ ಬಿ.ಎಲ್. ರೈಸ್ ಅವರಿಂದ ಬೆಳಕಿಗೆ ಬಂದ ಅಶೋಕನ ಶಾಸನಗಳಲ್ಲಿ ಮಾರುವ ಸರಕೇನೂ ಇಲ್ಲ, ಧರ್ಮೋಪದೇಶವಷ್ಟೇ ಇದೆ; ಆದರೆ ಆ ಉಪದೇಶದ ಜೋಡಣೆಯನ್ನು ಸಾವಧಾನದಿಂದ ನೋಡಿದರೆ ಮನಸ್ಸನ್ನು ಬಲ್ಲವರ ಕೈವಾಡ ಕಾಣುತ್ತದೆ. ತಾನು ಉಪಾಸಕನಾದ ಮೇಲೂ ಒಂದು ವರ್ಷ ಕಾಲ ಹೆಚ್ಚಿನ ಶ್ರಮ ವಹಿಸಲಿಲ್ಲವೆಂದು ಚಕ್ರವರ್ತಿಯು ಮೊದಲು ಒಪ್ಪಿಕೊಳ್ಳುತ್ತಾನೆ. ಆಮೇಲೆ ಶ್ರಮಿಸಿ ಫಲ ಕಂಡುದನ್ನು ತಿಳಿಸುತ್ತಾನೆ. ಬಳಿಕ, ಈ ಫಲ ದೊಡ್ಡವರಿಗೆ ಮಾತ್ರ ಮೀಸಲಲ್ಲ, ಶ್ರಮಿಸಿದರೆ ಸಣ್ಣವರಿಗೂ ಸಾಧ್ಯವೆಂದು ಭರವಸೆ ಕೊಡುತ್ತಾನೆ. ಹೇಳುವವನ ಸ್ವಾನುಭವ, ಕೇಳುವವನಿಗೆ ನಿಲುಕುವ ಫಲ, ಆಮೇಲೆ ಆಜ್ಞೆ ಎಂಬ ಈ ಕ್ರಮವನ್ನು ಇಂದಿನ ಜಾಹೀರಾತುಗಾರರೂ ಬಿಟ್ಟಿಲ್ಲ. ಅಶೋಕನಿಗೆ ಅದರಿಂದ ಕಾಸಿನ ಲಾಭವಿರಲಿಲ್ಲವೆಂಬ ಭೇದವು ಮಾತ್ರ ಅಲ್ಪವಾದುದಲ್ಲ.

ಅನಂತರದ ದೀರ್ಘಕಾಲದಲ್ಲಿ ಈ ಸೀಮೆಯ ಪ್ರಚಾರವೆಲ್ಲ ಡಂಗುರ, ಸಂತೆಯ ಕೂಗು, ಜಾತ್ರೆ ಇವುಗಳಿಂದಲೇ ನಡೆಯಿತು. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ರಥೋತ್ಸವದಂಥ ಸಂದರ್ಭದಲ್ಲಿ ನೆರೆಯುವ ಜನಸಾಗರಕ್ಕೆ ಸರಕನ್ನು ತೋರಿಸುವಾಗ, ಹತ್ತು ಮಂದಿ ನಿಂತ ಅಂಗಡಿಯ ಮುಂದೆ ಹನ್ನೊಂದನೆಯವನೂ ನಿಲ್ಲುವನೆಂಬ ಸತ್ಯವನ್ನು ವ್ಯಾಪಾರಿಯು ಯಾವ ಗ್ರಂಥದ ನೆರವೂ ಇಲ್ಲದೆ ಅರಿತಿದ್ದನು.

ಇಂಥ ಅರಿವನ್ನು ಗ್ರಂಥಸ್ಥಗೊಳಿಸಿದವರು ಅಮೆರಿಕದವರು. 1895ರಲ್ಲಿ ಮಿನೆಸೋಟ ವಿಶ್ವವಿದ್ಯಾಲಯದ ಹಾರ್ಲೋ ಗೇಲ್ ವರ್ತಕರಿಗೆ ಪ್ರಶ್ನಾವಳಿಯನ್ನು ಕಳುಹಿಸಿ ಜಾಹೀರಾತಿನ ಪರಿಣಾಮವನ್ನು ವಿಚಾರಿಸಿದನು. ಬಂದ ಉತ್ತರಗಳು ಅತ್ಯಲ್ಪ. ಜರ್ಮನಿಯ ಲೈಪ್‌ಜಿಗ್‌ನಲ್ಲಿ ವುಂಟ್‌ನ ಶಿಷ್ಯನಾಗಿದ್ದ ವಾಲ್ಟರ್ ಡಿಲ್ ಸ್ಕಾಟ್ 1903ರಲ್ಲಿಯೂ 1908ರಲ್ಲಿಯೂ ಪ್ರಕಟಿಸಿದ ಎರಡು ಗ್ರಂಥಗಳಲ್ಲಿ, ಗಿರಾಕಿಯು ತರ್ಕಿಸುವುದಕ್ಕಿಂತ ಹೆಚ್ಚಾಗಿ ಸೂಚನೆಗೆ ವಶನಾಗುವವನೆಂದೂ, ಆದುದರಿಂದ ನೇರವಾದ ಆಜ್ಞೆಯೂ ಕತ್ತರಿಸಿ ಕಳುಹಿಸಬೇಕಾದ ಕೂಪನ್ನೂ ಫಲಕಾರಿಯೆಂದೂ ವಾದಿಸಿದನು. ವರ್ತನವಾದದ ಪ್ರವರ್ತಕನಾದ ಜಾನ್ ಬಿ. ವಾಟ್ಸನ್ 1920ರಲ್ಲಿ ವಿಶ್ವವಿದ್ಯಾಲಯವನ್ನು ಬಿಡಬೇಕಾಗಿ ಬಂದು ಜೆ. ವಾಲ್ಟರ್ ಥಾಂಪ್ಸನ್ ಎಂಬ ಜಾಹೀರಾತು ಸಂಸ್ಥೆಯನ್ನು ಸೇರಿ, ಪ್ರೇಮ, ಭಯ, ಕ್ರೋಧಗಳೆಂಬ ಮೂಲಭಾವಗಳನ್ನು ಕೆರಳಿಸಿದರೆ ಸಾಕೆಂಬ ತನ್ನ ಸಿದ್ಧಾಂತವನ್ನು ಶಿಶುಗಳ ಪೌಡರಿನ ಮಾರಾಟಕ್ಕೆ ಅನ್ವಯಿಸಿದನು. ತಾಯಂದಿರ ಆತಂಕವು ಅಂದಿನಿಂದ ಬಂಡವಾಳವಾಯಿತು. ವಿಯೆನ್ನಾದಿಂದ ಬಂದಿದ್ದ ಅರ್ನೆಸ್ಟ್ ಡಿಕ್ಟರ್ ಎರಡನೆಯ ಮಹಾಯುದ್ಧದ ತರುವಾಯ ಸುಪ್ತಮನಸ್ಸಿನ ಶೋಧನೆಯನ್ನು ಮಾರುಕಟ್ಟೆಗೆ ತಂದನು. 1957ರಲ್ಲಿ ವ್ಯಾನ್ಸ್ ಪ್ಯಾಕರ್ಡ್ ಬರೆದ ಗ್ರಂಥವೊಂದು ಈ ಗುಪ್ತಪ್ರೇರಣೆಗಳನ್ನು ಬಯಲಿಗೆಳೆದು ಓದುಗರನ್ನು ಬೆಚ್ಚಿಬೀಳಿಸಿತು. ಅದೇ ವರ್ಷ ಜೇಮ್ಸ್ ವಿಕರಿ ಎಂಬುವನು, ಚಲನಚಿತ್ರದ ನಡುವೆ ಕಣ್ಣಿಗೆ ಕಾಣದಷ್ಟು ಕ್ಷಣಿಕವಾಗಿ ಅಕ್ಷರಗಳನ್ನು ಮಿನುಗಿಸಿ ಮಾರಾಟವನ್ನು ಹೆಚ್ಚಿಸಿದೆನೆಂದು ಸಾರಿ, 1962ರಲ್ಲಿ ಅದು ಕಟ್ಟುಕತೆಯೆಂದು ಒಪ್ಪಿಕೊಂಡನು. ಆ ಕತೆಯನ್ನು ಇಂದಿಗೂ ನಿಜವೆಂದು ನಂಬುವವರುಂಟು. ವಾಸ್ತವದಲ್ಲಿ ಪ್ರಭಾವವು ಗುಪ್ತಾಕ್ಷರಗಳಲ್ಲಿಲ್ಲ, ಹಾಡುಹಗಲೇ ಕಾಣುವ ಅಕ್ಷರಗಳಲ್ಲಿದೆ. ಬೆಂಗಳೂರು–ಬಳ್ಳಾರಿ ಹೆದ್ದಾರಿಯ ಇಕ್ಕೆಲದ ಮನೆಗಳ ಗೋಡೆಗಳನ್ನು ನೋಡಿದವರಿಗೆ ಇದು ತಿಳಿಯುತ್ತದೆ: ಕಂಪನಿಯ ಪೇಂಟರ್ ಬಂದು ಸುಣ್ಣ ಕಾಣದ ಗೋಡೆಗೆ ಪುಕ್ಕಟೆಯಾಗಿ ಬಣ್ಣ ಬಳಿದು, ಸಿಮೆಂಟಿನದೋ ಬಿತ್ತನೆ ಬೀಜದ್ದೋ ಹೆಸರನ್ನು ಆಳೆತ್ತರದ ಅಕ್ಷರಗಳಲ್ಲಿ ಬರೆದು ಹೋಗುತ್ತಾನೆ, ಮನೆಯವರಿಗೆ ಗೋಡೆ ಅಂದವಾಯಿತೆಂಬ ಸಂತೋಷ, ಕಂಪನಿಗೆ ದಿನವೂ ಅದೇ ದಾರಿಯಲ್ಲಿ ಬಸ್ಸಿನಲ್ಲಿ ಓಡಾಡುವವರ ಕಣ್ಣು. ಪುನಃಪುನಃ ಕಂಡ ವಸ್ತುವಿನ ಮೇಲೆ, ಅದರ ಗುಣವೇನೂ ತಿಳಿಯದಿದ್ದರೂ, ಒಲವು ಬೆಳೆಯುತ್ತದೆಂದು ರಾಬರ್ಟ್ ಝೈಯಾನ್ಸ್ 1968ರಲ್ಲಿ ಪ್ರಯೋಗಗಳಿಂದ ತೋರಿಸಿದನು.

ಕರ್ನಾಟಕದಲ್ಲಿ ಈ ವಿದ್ಯೆಯನ್ನು ಸತ್ತ್ವವುಳ್ಳ ಸರಕಿಗೆ ಅನ್ವಯಿಸಿದ ಆದ್ಯ ನಿದರ್ಶನವೆಂದರೆ ಮೈಸೂರು ಸಂಸ್ಥಾನದ ಸರ್ಕಾರಿ ಸಾಬೂನು ಕಾರ್ಖಾನೆಯದು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ಸರ್ ಎಂ. ವಿಶ್ವೇಶ್ವರಯ್ಯನವರ ಪ್ರೇರಣೆಯಿಂದ ಆರಂಭವಾದ ಈ ಉದ್ಯಮದಲ್ಲಿ ಎಸ್.ಜಿ. ಶಾಸ್ತ್ರಿಯವರು ಶ್ರೀಗಂಧದ ಸಾಬೂನನ್ನು ಅಂಡಾಕಾರದಲ್ಲಿ ಎರಕ ಹೊಯ್ಯಿಸಿ, ಒಡವೆಯ ಪೆಟ್ಟಿಗೆಯನ್ನು ಹೋಲುವ ಡಬ್ಬಿಯಲ್ಲಿ ಇಡಿಸಿದರು; ಟ್ರಾಮ್ ಟಿಕೆಟ್ಟುಗಳ ಮೇಲೆಯೂ ಬೆಂಕಿಪೊಟ್ಟಣಗಳ ಮೇಲೆಯೂ ಅದರ ಚಿತ್ರ ಮೂಡಿತು; ಕರಾಚಿಯಲ್ಲಿ ಒಂಟೆಗಳ ಮೆರವಣಿಗೆಯೇ ನಡೆಯಿತು. ಡಬ್ಬಿಯನ್ನು ತೆರೆಯುವ ಮೊದಲೇ ಒಳಗಿರುವುದು ಅಮೂಲ್ಯವೆಂಬ ಭಾವನೆ ಕೈಗಳಿಗೆ ತಾಗುತ್ತಿತ್ತು. ತೆರೆದ ಮೇಲೆ ಒಳಗಿದ್ದ ಗಂಧವು ಆ ಭಾವನೆಯನ್ನು ಸುಳ್ಳಾಗಿಸುತ್ತಿರಲಿಲ್ಲ.

ಚಳ್ಳಕೆರೆಯ ಎಣ್ಣೆಗೆ ಅಂತಹ ಪೋಷಕರು ಒದಗಲಿಲ್ಲ. ರಾಜ್ಯದಲ್ಲಿಯೇ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ಒಂದಾದ ಇಲ್ಲಿ ಮಳೆಯಾಶ್ರಿತವಾಗಿ ಬೆಳೆಯುವ ಶೇಂಗಾದಿಂದ ಗಿರಣಿಗಳು ಎದ್ದು, ಊರಿಗೆ ಎಣ್ಣೆ ನಗರವೆಂದೂ ಎರಡನೆಯ ಮುಂಬೈಯೆಂದೂ ಖ್ಯಾತಿ ಬಂದಿತು. ಎಣ್ಣೆಯ ಹೆಸರಿನಲ್ಲಿ ನಡೆದ ಮಾನಸಿಕ ಸಮರವಾದರೋ ಈ ಖ್ಯಾತಿಗೂ ಹಳೆಯದು. 1937ರಲ್ಲಿ ಲೀವರ್ ಕಂಪನಿಯು ಡಾಲ್ಡಾ ವನಸ್ಪತಿಯನ್ನು ಬಿಡುಗಡೆ ಮಾಡಿತು. ವನಸ್ಪತಿಗೆ ಆ ದಶಕಗಳಲ್ಲಿ ಮುಖ್ಯ ಕಚ್ಚಾವಸ್ತು ಶೇಂಗಾ ಎಣ್ಣೆಯೇ. ಅದನ್ನು ಜಲಜನಕದಿಂದ ಗಟ್ಟಿಗೊಳಿಸಿ, ತುಪ್ಪದ ಹರಳನ್ನು ನೆನಪಿಸುವಂತೆ ಮಾಡಿ, ತಾಳೆಮರದ ಗುರುತುಳ್ಳ ಹಳದಿ ಡಬ್ಬಿಯಲ್ಲಿ ತುಂಬಿದರು. ಲಿಂಟಾಸ್ ಎಂಬ ಜಾಹೀರಾತು ಸಂಸ್ಥೆಯ ಹಾರ್ವೆ ಡಂಕನ್ ರೂಪಿಸಿದ ಪ್ರಚಾರದಲ್ಲಿ ಚಿತ್ರಮಂದಿರಗಳಿಗೆ ಕಿರುಚಿತ್ರ, ಬೀದಿಗಳಿಗೆ ಡಬ್ಬಿಯ ಆಕಾರದ ವ್ಯಾನು, ಅಕ್ಷರ ಬಲ್ಲವರಿಗೆ ಕರಪತ್ರ, ಬಾರದವರಿಗೆ ಮೂಸಿ ರುಚಿ ನೋಡಲು ಬಿಸಿ ತಿಂಡಿ, ಹೀಗೆ ಒಂದೊಂದು ಇಂದ್ರಿಯಕ್ಕೂ ಒಂದೊಂದು ಬಾಗಿಲನ್ನು ತೆರೆಯಲಾಯಿತು. ತುಪ್ಪವನ್ನು ಕೊಳ್ಳಲಾರದ ಗೃಹಿಣಿಯ ಸಂಕೋಚವೇ ಈ ಪ್ರಚಾರದ ಮರ್ಮ. ತುಪ್ಪಕ್ಕೆ ಅದನ್ನು ಬೆರೆಸಿ ಮಾರುವವರು ಹೆಚ್ಚಿದಾಗ, ಕಲಬೆರಕೆಯನ್ನು ಪತ್ತೆ ಹಚ್ಚಲೆಂದು ವನಸ್ಪತಿಯಲ್ಲಿ ಎಳ್ಳೆಣ್ಣೆಯನ್ನು ಸೇರಿಸಬೇಕೆಂದು ಸರ್ಕಾರವೇ ಕಡ್ಡಾಯ ಮಾಡಬೇಕಾಯಿತು. ಹೀಗೆ ರೈತನ ಎಣ್ಣೆ ಇನ್ನೊಂದರ ವೇಷ ಧರಿಸಿಯೇ ಗೌರವ ಪಡೆಯಿತು.

1976ರ ಜನವರಿಯಿಂದ ದೂರದರ್ಶನದಲ್ಲಿ ಜಾಹೀರಾತುಗಳು ಆರಂಭವಾದುವು. 1980ರ ದಶಕದ ಕೊನೆಯಲ್ಲಿ ಬಂದ ಸನ್‌ಡ್ರಾಪ್ ಸೂರ್ಯಕಾಂತಿ ಎಣ್ಣೆಯ ಚಿತ್ರದಲ್ಲಿ ಬಾಲಕನೊಬ್ಬನು ಲಾಗ ಹಾಕುತ್ತ ಬೃಹದಾಕಾರದ ಪೂರಿಗಳತ್ತ ಸಾಗುತ್ತಿದ್ದನು. ಸಫೋಲಾದ ಜಾಹೀರಾತುಗಳು ಗಂಡನ ಹೃದಯದ ಕಾಳಜಿಯನ್ನು ಹೆಂಡತಿಯ ಬಾಣಲೆಗೆ ಕಟ್ಟಿದುವು. ಮಾತೃವಾತ್ಸಲ್ಯ ಒಂದು ಕಡೆ, ಮರಣಭಯ ಇನ್ನೊಂದು ಕಡೆ. ಎಣ್ಣೆಯ ಪ್ಯಾಕೆಟ್ಟುಗಳ ಮೇಲೆ ಕೊಲೆಸ್ಟರಾಲ್ ಇಲ್ಲವೆಂಬ ಘೋಷಣೆ ಮೆರೆಯಿತು. ಆ ಮಾತು ಅಕ್ಷರಶಃ ಸತ್ಯ. ಏಕೆಂದರೆ ಕೊಲೆಸ್ಟರಾಲ್ ಪ್ರಾಣಿಜನ್ಯ ಪದಾರ್ಥ, ಸಸ್ಯದ ಎಣ್ಣೆಗಳಲ್ಲಿ ಅದು ಲೆಕ್ಕಕ್ಕೆ ಬರುವಷ್ಟು ಇರುವುದೇ ಇಲ್ಲ. ಚಳ್ಳಕೆರೆಯ ಗಿರಣಿಯ ಎಣ್ಣೆಯಲ್ಲಿಯೂ ಇರಲಿಲ್ಲ. ಆದರೆ ಒಬ್ಬನು ತನ್ನಲ್ಲಿಲ್ಲವೆಂದು ಸಾರಿದಾಗ ಸುಮ್ಮನಿದ್ದವನಲ್ಲಿ ಇದೆಯೆಂದೇ ಕೇಳುವವನ ಮನಸ್ಸು ಊಹಿಸುತ್ತದೆ. ಸುಳ್ಳನ್ನಾಡದೆ ಸುಳ್ಳನ್ನು ನಂಬಿಸುವ ಈ ವಿಧಾನವು, ಈ ಲೇಖಕನ ದೃಷ್ಟಿಯಲ್ಲಿ, ಜಾಹೀರಾತು ವಿದ್ಯೆಯ ಅತ್ಯಂತ ಅನ್ಯಾಯದ ಉಪಯೋಗ. ನೇರ ಸುಳ್ಳನ್ನಾದರೆ ನ್ಯಾಯಾಲಯದಲ್ಲಿ ಎದುರಿಸಬಹುದು, ಇದನ್ನು ಹಾಗೆ ಎದುರಿಸುವುದು ಕಷ್ಟ. ಶೇಂಗಾ ಎಣ್ಣೆಯ ಘಮವೂ ಬಣ್ಣವೂ ಅಶುದ್ಧತೆಯ ಲಕ್ಷಣಗಳೆಂಬಂತೆ, ವಾಸನೆಯಿಲ್ಲದ ತಿಳಿಯಾದ ಎಣ್ಣೆಯೇ ಶುದ್ಧವೆಂಬ ಎಣಿಕೆ ಹರಡಿತು. 1998ರಲ್ಲಿ ದೆಹಲಿಯಲ್ಲಿ ಕಲಬೆರಕೆ ಸಾಸಿವೆ ಎಣ್ಣೆಯಿಂದ ಸಂಭವಿಸಿದ ಸಾವುಗಳ ತರುವಾಯ ಬಂದ ಪ್ಯಾಕಿಂಗ್ ಆಜ್ಞೆಯು ಸದುದ್ದೇಶದ್ದೇ ಆಗಿದ್ದರೂ, ಡಬ್ಬ ಹಿಡಿದು ಲೂಸ್ ಎಣ್ಣೆ ತರುತ್ತಿದ್ದ ಪದ್ಧತಿ ಅದರಿಂದ ಇನ್ನಷ್ಟು ಶಂಕಾಸ್ಪದವಾಯಿತು. ಚಳ್ಳಕೆರೆಯ ಹಲವು ಗಿರಣಿಗಳು ನಿಂತುದಕ್ಕೆ ಜಾಹೀರಾತೊಂದೇ ಕಾರಣವೆನ್ನುವುದು ತಪ್ಪು; ಅಗ್ಗದ ಆಮದು ತಾಳೆ ಎಣ್ಣೆಯೂ ಮೇಲಿಂದ ಮೇಲೆ ಬಂದ ಬರಗಾಲವೂ ಅದಕ್ಕಿಂತ ಬಲವಾದ ಕಾರಣಗಳು. ಈಗ ಪಟ್ಟಣಗಳಲ್ಲಿ ಮರದ ಗಾಣದ ಎಣ್ಣೆಯು, ಅಜ್ಜಿಯ ಅಡಿಗೆಮನೆಯ ಸ್ಮೃತಿಯನ್ನು ಲೇಪಿಸಿಕೊಂಡು, ಅದೇ ಘಮವನ್ನೇ ಗುಣವೆಂದು ಸಾರಿ, ಹೆಚ್ಚಿನ ಬೆಲೆಗೆ ಮಾರಾಟವಾಗುತ್ತಿದೆ.

ಸೀರೆಯ ವ್ಯಾಪಾರವಾದರೋ ಮುಖಾಮುಖಿಯ ಕಲೆ. ಕರ್ನಾಟಕದ ಕಾಂಚೀಪುರವೆಂದು ಪ್ರಶಂಸೆ ಪಡೆದ ಮೊಳಕಾಲ್ಮೂರಿನ ಸೀರೆಯನ್ನು ಯಾವುದಾದರೂ ಊರಿನ ಅಂಗಡಿಯ ಬಿಳಿಯ ಹಾಸಿನ ಮೇಲೆ ಬಿಡಿಸುವ ಬಗೆಯನ್ನು ಗಮನಿಸಬೇಕು. ವ್ಯಾಪಾರಿಯು ಮೊದಲು ಹಾಸುವುದು ಗಿರಾಕಿ ಕೊಳ್ಳಲಾರದಷ್ಟು ಬೆಲೆಯ ಸೀರೆಯನ್ನು. ಅದರ ಬೆಲೆ ಕಿವಿಗೆ ಬಿದ್ದ ಮೇಲೆ ಎರಡನೆಯದು ಸುಲಭವೆನಿಸುತ್ತದೆ. ಮೊದಲು ಕೇಳಿದ ಅಂಕೆಯು ಮುಂದಿನ ಎಣಿಕೆಯನ್ನೆಲ್ಲ ತನ್ನತ್ತ ಎಳೆಯುತ್ತದೆಂದು ಟ್ವರ್ಸ್ಕಿ ಮತ್ತು ಕಾನೆಮನ್ 1974ರಲ್ಲಿ ನಿರೂಪಿಸಿದುದು ಇದನ್ನೇ. ಬಳಿಕ ಒಂದು ಲೋಟ ಚಹ ಬರುತ್ತದೆ. ಕುಡಿದವರಿಗೆ ಋಣದ ಭಾರ. ಆಮೇಲೆ ಸೆರಗನ್ನು ಹೆಗಲ ಮೇಲೆ ಹೊದಿಸಿ ಕನ್ನಡಿಯ ಮುಂದೆ ನಿಲ್ಲಿಸುತ್ತಾರೆ. ತನ್ನದೆಂದು ಭಾವಿಸಿದ ವಸ್ತುವಿಗೆ ಮನಸ್ಸು ಹೆಚ್ಚು ಬೆಲೆ ಕಟ್ಟುತ್ತದೆಂಬುದನ್ನು ರಿಚರ್ಡ್ ಥೇಲರ್ 1980ರಲ್ಲಿ ಶಾಸ್ತ್ರದ ಪರಿಭಾಷೆಗೆ ತಂದನು. ಇಷ್ಟಕ್ಕೂ ಮಣಿಯದವರಿಗೆ ಕಡೆಯ ಅಸ್ತ್ರ: “ಬೋಣಿ ಹೊತ್ತು ಅಕ್ಕಾ, ಬರಿಗೈಲಿ ಹೋಗಬ್ಯಾಡ್ರಿ.” ಇದರಲ್ಲಿ ವಂಚನೆಯಿಲ್ಲ, ಕೊಳ್ಳುವವಳಿಗೂ ಈ ಆಟದ ನಿಯಮಗಳು ತಿಳಿದಿರುತ್ತವೆ, ಬೇಡವೆಂದು ಎದ್ದು ಹೋಗುವ ಬಾಗಿಲು ತೆರೆದೇ ಇರುತ್ತದೆ.

ವಂಚನೆ ಇರುವುದು ಬೇರೆಡೆ. ವಿದ್ಯುನ್ಮಗ್ಗದಲ್ಲಿ ನೇಯ್ದ, ಕೆಲವೊಮ್ಮೆ ಕೃತಕ ನೂಲಿನ ಸೀರೆಗೆ ಮೊಳಕಾಲ್ಮೂರಿನ ಅಂಚನ್ನೂ ಬುಟ್ಟಾವನ್ನೂ ನಕಲು ಮಾಡಿ ಅದೇ ಹೆಸರಿನಿಂದ ಮಾರಿದಾಗ, ಒಂದು ನೋಟಕ್ಕೆ ಭೇದ ತಿಳಿಯದ ಗಿರಾಕಿಯು ಅಗ್ಗದ್ದನ್ನೇ ಆರಿಸುತ್ತಾಳೆ. ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ಕುಳಿತು, ಒಡಲಿಗೂ ಅಂಚುಗಳಿಗೂ ಬೇರೆ ಬೇರೆ ಲಾಳಿಗಳನ್ನು ಆಡಿಸಿ ನೇಯುವವನ ದಿನಗಟ್ಟಲೆಯ ದುಡಿಮೆಗೆ ಬೆಲೆ ಇಳಿಯುತ್ತದೆ. ಗುಣವನ್ನು ಗುರುತಿಸಲಾಗದ ಪೇಟೆಯಲ್ಲಿ ಕೆಟ್ಟ ಸರಕು ಒಳ್ಳೆಯದನ್ನು ಹೊರದೂಡುತ್ತದೆಂದು ಅರ್ಥಶಾಸ್ತ್ರಜ್ಞನಾದ ಜಾರ್ಜ್ ಅಕರ್ಲಾಫ್ 1970ರಲ್ಲಿ ವಿವರಿಸಿದ ದುರಂತ ಇದೇ. ಇದಕ್ಕೆ ಪ್ರತಿಯಾಗಿ, ಕೇಂದ್ರ ರೇಷ್ಮೆ ಮಂಡಳಿಯ ಆಶ್ರಯದಲ್ಲಿ 2004ರಲ್ಲಿ, ರೇಷ್ಮೆ ಅಪ್ಪಟವೆಂದು ಸಾರುವ ಸಿಲ್ಕ್ ಮಾರ್ಕ್ ಮುದ್ರೆ ಜಾರಿಗೆ ಬಂದಿತು. 1999ರ ಭೌಗೋಳಿಕ ಸೂಚಕಗಳ ಅಧಿನಿಯಮದ ಅಡಿಯಲ್ಲಿ ಮೊಳಕಾಲ್ಮೂರು ಸೀರೆಗೂ ಮನ್ನಣೆ ದೊರೆಯಿತು.

ನಂಬಿಕೆಗೆ ಪಾತ್ರರಾದವರ ಮುಖದಿಂದ ಹೊರಟ ಮಾತಿಗೆ ಹೆಚ್ಚು ತೂಕವುಂಟೆಂಬುದನ್ನು ಯೇಲ್ ವಿಶ್ವವಿದ್ಯಾಲಯದ ಹೋವ್‌ಲ್ಯಾಂಡ್ ಮತ್ತು ವೈಸ್ 1951ರಲ್ಲಿ ಪರೀಕ್ಷಿಸಿದರು. ಕನ್ನಡಿಗರಿಗೆ ಇದರ ಉದಾತ್ತ ನಿದರ್ಶನ ನಟ ಡಾ. ರಾಜಕುಮಾರ್: ಅವರು ಸಂಭಾವನೆಯಿಲ್ಲದೆ ನಂದಿನಿ ಹಾಲಿನ ಪರವಾಗಿ ನಿಂತರು. ರೈತರ ಸಹಕಾರ ಸಂಘಗಳ ಸರಕಿಗೆ ಆ ಧ್ವನಿ ದೊರೆತುದು ನಾಡಿನ ಭಾಗ್ಯ.

ಕಾನೂನು ಈ ಕ್ಷೇತ್ರವನ್ನು ನಿಧಾನವಾಗಿ ಪ್ರವೇಶಿಸಿತು. 1954ರ ಅಧಿನಿಯಮವು ಪವಾಡದ ಔಷಧಗಳ ಜಾಹೀರಾತನ್ನು ನಿಷೇಧಿಸಿತು. 1985ರಲ್ಲಿ ಜಾಹೀರಾತುಗಾರರೇ ಸ್ವನಿಯಂತ್ರಣ ಮಂಡಳಿಯೊಂದನ್ನು ರಚಿಸಿಕೊಂಡರು. 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದಂತೆ ದಾರಿತಪ್ಪಿಸುವ ಜಾಹೀರಾತಿಗೆ ಕೇಂದ್ರ ಪ್ರಾಧಿಕಾರವು ಮೊದಲ ಬಾರಿಗೆ 10 ಲಕ್ಷ ರೂಪಾಯಿಗಳವರೆಗೆ, ಮರುಕಳಿಸಿದರೆ 50 ಲಕ್ಷದವರೆಗೆ ದಂಡ ವಿಧಿಸಬಹುದು. 2023ರ ನವೆಂಬರಿನಲ್ಲಿ, ಮೊಬೈಲ್ ಪರದೆಯ ಮೇಲೆ ಇನ್ನು ಎರಡೇ ಉಳಿದಿವೆಯೆಂದು ಸುಳ್ಳು ಅವಸರ ಹುಟ್ಟಿಸುವಂಥ ತಂತ್ರಗಳನ್ನು ನಿರ್ಬಂಧಿಸುವ ಮಾರ್ಗಸೂಚಿಯೂ ಬಂದಿತು.

ಇತ್ತೀಚೆಗೆ ಕೈಮಗ್ಗದ ಸೀರೆಗಳನ್ನು ಫೋನಿನ ಮೂಲಕ ಮಾರುವವರು ಮಗ್ಗವನ್ನೇ ಚಿತ್ರೀಕರಿಸಿ ತೋರಿಸುತ್ತಾರೆ. ಹೆಚ್ಚು ಶ್ರಮ ಪಟ್ಟುದು ತಿಳಿದಾಗ ವಸ್ತುವಿನ ಗುಣವನ್ನು ಜನರು ಹೆಚ್ಚಾಗಿ ಎಣಿಸುತ್ತಾರೆಂದು ಜಸ್ಟಿನ್ ಕ್ರೂಗರ್ ಮತ್ತು ಸಂಗಡಿಗರು 2004ರಲ್ಲಿ ತೋರಿಸಿದ್ದರು. ನೇಕಾರನಿಗೆ ಈ ವಿದ್ಯೆ ಕೊಟ್ಟ ಏಕಮಾತ್ರ ನ್ಯಾಯವಾದ ಆಯುಧ ಇದು. ಆದರೆ ಮಗ್ಗದ ಚಿತ್ರವನ್ನು ತೋರಿಸಿ ವಿದ್ಯುನ್ಮಗ್ಗದ ಸೀರೆಯನ್ನು ಕಳುಹಿಸುವುದೂ ಅಷ್ಟೇ ಸುಲಭವಾದುದರಿಂದ, ಸೀರೆ ಕೈಗೆ ಬಂದೊಡನೆ ರೇಷ್ಮೆ ಅಪ್ಪಟವೇ ಎಂದು ತಿಳಿಯಲು ಸಿಲ್ಕ್ ಮಾರ್ಕ್ ಮುದ್ರೆಯನ್ನು ನೋಡಬೇಕು, ನೇಯ್ಗೆಯನ್ನು ತಿಳಿಯಲು ಮಗ್ಗುಲು ತಿರುಗಿಸಿ ಒಡಲೂ ಅಂಚೂ ಕೂಡುವ ಗೆರೆಯಲ್ಲಿ ಎಳೆಗಳು ಒಂದಕ್ಕೊಂದು ಹೆಣೆದಿವೆಯೇ ಎಂದು ಪರಿಶೀಲಿಸಬೇಕು. ಸೆರಗಿನ ತುದಿಯಿಂದ ಕಿತ್ತ ಒಂದು ಎಳೆಯನ್ನು ಸುಟ್ಟರೆ ಅಪ್ಪಟ ರೇಷ್ಮೆಯು ಕೂದಲು ಸುಟ್ಟ ವಾಸನೆ ಕೊಟ್ಟು ಬೆರಳಲ್ಲಿ ಪುಡಿಯಾಗುತ್ತದೆ, ಪಾಲಿಯೆಸ್ಟರಿನಂಥ ಕೃತಕ ನೂಲಾದರೆ ಕರಗಿ ಗಟ್ಟಿ ಮಣಿಯಾಗುತ್ತದೆ.