ಹೆಸರಿಲ್ಲದ ರಕ್ತದ ಲೆಕ್ಕ

(1/3)
ನಮ್ಮ ಭಾಗದ ಇತಿಹಾಸ ಅಂದ್ರ ನರಗುಂದದ ಬಾಬಾಸಾಹೇಬ, 1980ರ ರೈತ ಬಂಡಾಯ, ಗಜೇಂದ್ರಗಡದ ಕೋಟೆ. ಇವತ್ತಿನ ಪೋಸ್ಟ್ ಮಾತ್ರ ಯಾರೂ ಸ್ಮಾರಕ ಕಟ್ಟದ ಇತಿಹಾಸದ್ದು. ಎಚ್‌ಐವಿ ಎಷ್ಟು ಮಂದಿಗೆ ಐತಿ ಅಂತ ಸರ್ಕಾರ ಎಣಿಸಿದ್ದು ಹೆಂಗ?

ಭಾರತದಲ್ಲಿ ಅದು ಮೊದಲು ಪತ್ತೆಯಾಗಿದ್ದು 1986ರಲ್ಲಿ, ಮದ್ರಾಸಿನಲ್ಲಿ. ಡಾ. ಸುನೀತಿ ಸೊಲೊಮನ್ ಅವರ ವಿದ್ಯಾರ್ಥಿನಿ ನಿರ್ಮಲಾ ಲೈಂಗಿಕ ವೃತ್ತಿಯ ಮಹಿಳೆಯರಿಂದ ರಕ್ತದ ಮಾದರಿ ಪಡೆದು, ಮನೆಯ ಫ್ರಿಜ್ಜಿನಲ್ಲಿಟ್ಟು, ರಾತ್ರಿ ರೈಲಿನಲ್ಲಿ ವೆಲ್ಲೂರಿಗೆ ಒಯ್ದರು. ಅಲ್ಲೀತನಕ "ಇದು ನಮ್ಮ ದೇಶದ ರೋಗ ಅಲ್ಲ" ಅಂತಿದ್ದವರೇ ಬಹಳ.

(2/3)
1998ರಿಂದ ದೇಶದಾದ್ಯಂತ ವರ್ಷಕ್ಕೊಮ್ಮೆ ಎಣಿಕೆ ನಡೀತಿತ್ತು. ಎಲ್ಲರನ್ನೂ ಪರೀಕ್ಷಿಸೋದು ಆಗದ ಮಾತು. ಅದಕ್ಕ ಒಂದು ದಾರಿ ಹುಡುಕಿದ್ರು. ಬಸುರಿ ಹೆಂಗಸರು ಸರ್ಕಾರಿ ಆಸ್ಪತ್ರೆಗೆ ಬಂದಾಗ ಸಿಫಿಲಿಸ್ ಪರೀಕ್ಷೆಗೆ ರಕ್ತ ತೆಗೀತಿದ್ರಲ್ಲ, ಅದರಲ್ಲಿ ಉಳಿದದ್ದನ್ನೇ, ಹೆಸರು ಅಳಿಸಿ, ಎಚ್‌ಐವಿಗೆ ಪರೀಕ್ಷಿಸೋದು. ಒಂದು ಕೇಂದ್ರಕ್ಕ 400 ಮಾದರಿ. ಲೈಂಗಿಕ ರೋಗಗಳ ಕ್ಲಿನಿಕ್ಕುಗಳಲ್ಲಿ 250. ಬಸುರಿಯರಲ್ಲಿ ಶೇ. 1 ದಾಟಿದ್ರ ಅದು ಹೆಚ್ಚು ಸೋಂಕಿನ ಪ್ರದೇಶ. ಕರ್ನಾಟಕ ಅಂಥ ಆರು ರಾಜ್ಯಗಳಲ್ಲಿ ಒಂದಾಗಿತ್ತು.

ಇಲ್ಲೇ ನನಗ ಮನಸ್ಸು ನಿಲ್ಲೋದು. ಸೋಂಕು ಇದ್ರೂ ಆ ತಾಯಿಗೆ ಈ ಪರೀಕ್ಷೆಯಿಂದ ತಿಳಿಯೋದಿಲ್ಲ. ಹೇಳಬೇಕಂದ್ರ ಹೆಸರೇ ಇಲ್ಲ! ಹೆಸರು ಬರೆದಿದ್ರ ಊರಾಗ ಸುದ್ದಿ ಹಬ್ಬಿ ಆಕಿ ಬದುಕು ಹಾಳಾಗ್ತಿತ್ತು ಅನ್ನೋದೂ ಖರೆ. ಆದ್ರ ಕೂಸಿಗೆ ಸೋಂಕು ದಾಟದಂಗ ತಡೆಯೋ ಔಷಧ ಬಂದ ಮ್ಯಾಲೆ ಆ ಮೌನ ಒಪ್ಪೋದು ಕಷ್ಟ. ಹೇಳಿ, ಒಪ್ಪಿಗೆ ಪಡೆದು, ಫಲಿತಾಂಶ ಕೈಗೆ ಕೊಡೋ ಪರೀಕ್ಷಾ ಕೇಂದ್ರಗಳು ಬ್ಯಾರೆನೇ ಬೆಳೀಬೇಕಾಯ್ತು.

(3/3)
2003ರಲ್ಲಿ ಬಾಗಲಕೋಟೆ ಜಿಲ್ಲೆಯಲ್ಲಿ ಆಸ್ಪತ್ರೆ ಬಿಟ್ಟು ಜನರ ನಡುವೆಯೇ ಸಮೀಕ್ಷೆ ನಡೀತು. ವಯಸ್ಕರಲ್ಲಿ ಶೇ. 2.9 ಮಂದಿಗೆ ಸೋಂಕು. ಬಾಗಲಕೋಟೆ ಜಿಲ್ಲೆ ಅಂದ್ರ ದೂರ ಏನಲ್ಲ. ನಮ್ಮ ರೋಣ ತಾಲೂಕಿನ ಗಡಿ ದಾಟಿದ್ರ ಬಾದಾಮಿ. (ಗಜೇಂದ್ರಗಡ ಆಗಿನ್ನೂ ರೋಣ ತಾಲೂಕಿನಲ್ಲೇ ಇತ್ತು.) "ಎಚ್‌ಐವಿ ಅಂದ್ರ ಪಟ್ಟಣದ್ದು, ಲಾರಿ ಡ್ರೈವರುಗಳದ್ದು" ಅನ್ನೋ ನಂಬಿಕೆ ಅಲ್ಲಿ ಮುರೀತು. ಹಳ್ಳಿಯೊಳಗೂ ಅದು ಬೇರು ಬಿಟ್ಟಿತ್ತು.

ಅಷ್ಟರಲ್ಲಿ ಇಳಿಕೆಯೂ ಶುರುವಾಗಿತ್ತು. ದಕ್ಷಿಣದ ರಾಜ್ಯಗಳಲ್ಲಿ 15ರಿಂದ 24 ವರ್ಷದ ಬಸುರಿಯರಲ್ಲಿ 2000ದಲ್ಲಿ ಶೇ. 1.7 ಇದ್ದದ್ದು 2004ಕ್ಕೆ ಶೇ. 1.1. ಸಣ್ಣ ವಯಸ್ಸಿನವರನ್ನೇ ಯಾಕ ನೋಡ್ತಾರ? ಅವರಿಗೆ ತಗುಲಿದ್ದು ಹೊಸ ಸೋಂಕೇ ಆಗಿರೋ ಸಾಧ್ಯತೆ ಹೆಚ್ಚು.

2007ರಲ್ಲಿ ದೊಡ್ಡ ಗೊಂದಲ. ದೇಶದಲ್ಲಿ 52 ಲಕ್ಷ ಸೋಂಕಿತರು ಅಂತಿದ್ದ ಅಂದಾಜು ಒಮ್ಮೆಲೇ 25 ಲಕ್ಷಕ್ಕ ಇಳೀತು. ಅರ್ಧ ಮಂದಿ ಗುಣ ಆಗಿರಲಿಲ್ಲ, ಲೆಕ್ಕದ ದಾರಿ ಬದಲಾಗಿತ್ತು. ಖಾಸಗಿ ದವಾಖಾನೆಗಳು ಸೋಂಕಿತರನ್ನ ಸರ್ಕಾರಿ ಆಸ್ಪತ್ರೆಗೆ ಸಾಗಹಾಕೋವು. ಹಿಂಗಾಗಿ ಅಲ್ಲಿನ ಲೆಕ್ಕ ಉಬ್ಬಿರ್ತಿತ್ತು. ಮನೆಮನೆಗೆ ಹೋಗಿ ನಡೆಸಿದ 2005-06ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಅದನ್ನ ಸರಿಪಡಿಸ್ತು. ಕರ್ನಾಟಕಕ್ಕ ಶೇ. 0.69.

ಒಪ್ಪಿಗೆ ಇಲ್ಲದ ಪರೀಕ್ಷೆ, ಗುಟ್ಟು ಬಯಲು ಮಾಡೋದು ಎರಡನ್ನೂ ತಡೆಯೋ ಕಾನೂನು 2017ರಲ್ಲಿ ಆಗಿ, 2018ರ ಸೆಪ್ಟೆಂಬರಿನಲ್ಲಿ ಜಾರಿಗೆ ಬಂತು. ಹೆಸರು ಅಳಿಸಿದ ಆ ಮೊದಲ ಸೀಸೆಗಳಿಂದ ಇಪ್ಪತ್ತು ವರ್ಷಕ್ಕ.

#ರೋಣ #ನರಗುಂದ #ಗಜೇಂದ್ರಗಡ #ನಮ್ಮಇತಿಹಾಸ