ಗಡಿನಾಡಿನ ಮಕ್ಕಳೂ ಕನ್ನಡ ಪುಸ್ತಕವೂ

ಕಾಸರಗೋಡಿನ ಕನ್ನಡವು ಎಲ್ಲ ಮನೆಗಳಲ್ಲಿಯೂ ತೊಟ್ಟಿಲಿನ ನುಡಿಯಾಗಿ ಬಂದುದಲ್ಲ. ಈ ಸೀಮೆಯಲ್ಲಿ ಮನೆಯೊಳಗೆ ತುಳುವನ್ನಾಡುವವರುಂಟು. ಕೊಂಕಣಿ, ಮರಾಠಿ, ಮಲಯಾಳಗಳನ್ನಾಡುವವರುಂಟು. ಹವ್ಯಕರ ಮನೆಮಾತು ಕನ್ನಡವೇ ಆದರೂ ಅದು ಗ್ರಂಥದ ಕನ್ನಡಕ್ಕಿಂತ ಬೇರೆ. ಇವರನ್ನೆಲ್ಲ ಕನ್ನಡಿಗರೆಂಬ ಒಂದೇ ಹೆಸರಿನಿಂದ ಕೂಡಿಸಿದವು ಶಾಲೆ, ಯಕ್ಷಗಾನದ ರಂಗಸ್ಥಳ ಮತ್ತು ಪುಸ್ತಕ. ಆದುದರಿಂದ ಕನ್ನಡ ಪುಸ್ತಕವು ನಮ್ಮ ಮಕ್ಕಳ ಕೈಗೆ ಯಾವ ದಾರಿಯಿಂದ ಬಂದಿತೆಂಬುದು ನಮ್ಮ ಕನ್ನಡತನದ ಚರಿತ್ರೆಯೇ ಆಗಿದೆ.

ಆ ದಾರಿಯು ಮೊದಲು ಮಂಗಳೂರಿನಿಂದ ಹೊರಟಿತು. 1956ರ ನವೆಂಬರ್ 1ರಂದು ಕೇರಳಕ್ಕೆ ಸೇರುವವರೆಗೆ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕಾಗಿದ್ದಿತು. ಬಾಸೆಲ್ ಮಿಷನಿನವರ ಮುದ್ರಣಾಲಯವು ಮಂಗಳೂರಿನಲ್ಲಿ 1841ರಲ್ಲಿ ಆರಂಭವಾಯಿತು. 1843ರಲ್ಲಿ ಮೋಗ್ಲಿಂಗ್ ಮಹಾಶಯರು ಅಲ್ಲಿಂದಲೇ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದರು. ಅಚ್ಚಿನ ಈ ಪರಂಪರೆಯನ್ನು ಮಕ್ಕಳ ಕಡೆಗೆ ತಿರುಗಿಸಿದವರು ಪಂಜೆ ಮಂಗೇಶರಾಯರು (1874–1937). ಶಾಲೆಗಳ ತನಿಖೆಗೆ ಹೋಗುತ್ತಿದ್ದ ಅವರು ಮಕ್ಕಳ ಬಾಯಿಗೆ ಎಂತಹ ಮಾತು ಒಗ್ಗುವುದೆಂಬುದನ್ನು ಬಲ್ಲವರಾಗಿದ್ದರು. ‘ಸಿಗಡಿ ಯಾಕೆ ಒಣಗಲಿಲ್ಲ’ದಂತಹ ಕಥೆಗಳಲ್ಲಿ ಕರಾವಳಿಯ ಬದುಕೇ ಪುಸ್ತಕದ ಕನ್ನಡವಾಯಿತು. ಬಾಲಸಾಹಿತ್ಯ ಮಂಡಲದ ಮೂಲಕ ಅವರು ಮಕ್ಕಳಿಗಾಗಿಯೇ ಪುಸ್ತಕಗಳನ್ನು ಹೊರತರುವ ಕಾರ್ಯಕ್ಕೂ ಕೈಯಿಕ್ಕಿದರು.

ಒಂದು ಸಂಗತಿಯನ್ನು ಇಲ್ಲಿ ನೆನೆಯಬೇಕು. ಪಂಜೆಯವರ ಮನೆಮಾತು ಕೊಂಕಣಿ. ಮಂಜೇಶ್ವರದ ರಾಷ್ಟ್ರಕವಿ ಗೋವಿಂದ ಪೈಗಳ (1883–1963) ಮನೆಮಾತೂ ಅದೇ. ನೂರು ವರ್ಷ ಬಾಳಿದ ಕಯ್ಯಾರ ಕಿಞ್ಞಣ್ಣ ರೈಗಳ (1915–2015) ಮನೆಮಾತು ತುಳು. ಹುಟ್ಟಿನಿಂದ ದೊರೆಯದ ಕನ್ನಡವನ್ನು ಇವರು ಓದಿನಿಂದ ತಮ್ಮದಾಗಿಸಿಕೊಂಡರು. ಈ ನಾಡಿನಲ್ಲಿ ಪುಸ್ತಕವು ಕೈಬಿಟ್ಟುಹೋದರೆ ಬಹಳ ಮಂದಿ ಮಕ್ಕಳಿಗೆ ಕನ್ನಡವೇ ಕೈಬಿಟ್ಟುಹೋದಂತೆ.

ಪುಸ್ತಕವು ತಾನಾಗಿ ಓದುಗನ ಬಳಿಗೆ ನಡೆದು ಬರುವುದಿಲ್ಲವೆಂಬುದನ್ನು ನಮ್ಮ ಹಿರಿಯರು ಅರಿತಿದ್ದರು. ಅತ್ತ ಹಾವೇರಿಯ ಸೀಮೆಯ ಗಳಗನಾಥರು (1869–1942) ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಇತ್ತ ಕೇರಳದಲ್ಲಿ ಪಿ. ಎನ್. ಪಣಿಕ್ಕರರು 1945ರಲ್ಲಿ ತಿರುವಾಂಕೂರಿನಲ್ಲಿ ಕಟ್ಟಿದ ಗ್ರಂಥಶಾಲಾ ಸಂಘವು ಮುಂದೆ ರಾಜ್ಯವ್ಯಾಪಿಯಾಗಿ ಬೆಳೆಯಿತು. ಗ್ರಂಥಾಲಯಗಳ ಬಾಲವೇದಿಗಳು ಆ ಚಳವಳಿಯ ಫಲಗಳೇ. ಪಣಿಕ್ಕರರು ತೀರಿಕೊಂಡ ಜೂನ್ 19, ವಾಚನ ದಿನವಾಗಿ ನಮ್ಮ ಕನ್ನಡ ಶಾಲೆಗಳಲ್ಲಿಯೂ ಆಚರಣೆಗೊಳ್ಳುತ್ತಿದೆ.

ಆದರೆ ವರ್ಷಕ್ಕೊಂದು ದಿನದ ಆಚರಣೆಯಿಂದ ಓದು ಅಭ್ಯಾಸವಾಗದು. ಪಾಠಪುಸ್ತಕವು ಪರೀಕ್ಷೆಯೊಂದಿಗೆ ಮುಗಿಯುತ್ತದೆ. ಕೊಳ್ಳುವವರಿಲ್ಲವೆಂದು ವ್ಯಾಪಾರಿಯು ಕನ್ನಡದ ಮಕ್ಕಳ ಪುಸ್ತಕಗಳನ್ನು ತರಿಸುವುದಿಲ್ಲ. ಅಂಗಡಿಯಲ್ಲಿ ಕಾಣಿಸದುದರಿಂದ ತಾಯಿತಂದೆಯರು ಕೇಳುವುದಿಲ್ಲ. ಈ ಸುತ್ತನ್ನು ಕಡಿಯಲು ಊರಿನ ಪುಸ್ತಕದಂಗಡಿಯಲ್ಲಿಯೇ ತಿಂಗಳಿಗೊಮ್ಮೆ ಮಕ್ಕಳ ಓದಿನ ಕೂಟವನ್ನು ನಡೆಸುವುದು ಒಳ್ಳೆಯ ಉಪಾಯ. ಹತ್ತು ಮಕ್ಕಳು ಒಂದೇ ಪುಸ್ತಕವನ್ನು ಓದುವರೆಂಬ ಭರವಸೆಯಿದ್ದರೆ ವ್ಯಾಪಾರಿಯು ಹತ್ತು ಪ್ರತಿಗಳನ್ನು ಧೈರ್ಯದಿಂದ ತರಿಸಬಲ್ಲನು. ಕೊಳ್ಳಲಾರದ ಮಗುವಿಗೆ ಸಂಘವು ತನ್ನ ಪ್ರತಿಯನ್ನು ಎರವಲು ಕೊಡಬಹುದು. ಕೂಟದಲ್ಲಿ ಒಬ್ಬರು ಗಟ್ಟಿಯಾಗಿ ಓದಲಿ, ಇನ್ನೊಬ್ಬರು ಕಥೆಯನ್ನು ತಮ್ಮ ಮಾತಿನಲ್ಲಿ ಹೇಳಲಿ. ನಡುವೆ ತುಳುವೋ ಮಲಯಾಳವೋ ನುಸುಳಿದರೆ ಯಾರೂ ನಗದಿರಲಿ. ಪಂಜೆಯವರೂ ಪೈಗಳೂ ರೈಗಳೂ ಹಲವು ನುಡಿಗಳ ನಡುವೆಯೇ ಕನ್ನಡಕ್ಕೆ ಬಂದವರಲ್ಲವೆ?

ಗಡಿರೇಖೆಯನ್ನು ಎಳೆಯುವುದು ಸರಕಾರಗಳ ಕೆಲಸ. ಮಕ್ಕಳ ಕೈಗೆ ಪುಸ್ತಕವನ್ನು ಕೊಡುವುದು ನಮ್ಮ ಕೆಲಸ. ಮನೆಮನೆಯ ಹಿರಿಯರು ತಿಂಗಳಲ್ಲಿ ಒಂದು ಭಾನುವಾರವನ್ನು ಇದಕ್ಕಾಗಿ ಮೀಸಲಿಡಬೇಕೆಂದು ನಾವು ಬಿನ್ನವಿಸುತ್ತೇವೆ.